ಕ್ಯಾಮರಾದ ಮುಖ ಯಾರ ಕಡೆಗೆ?

(ಬೀದರ ಜಿಲ್ಲೆ ಔರಾದ ತಾಲ್ಲೂಕಿನ ಸಂತಪುರದಲ್ಲಿ ಸೇರಿದ್ದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಾವು ಸಂಘ ಕಟ್ಟಿದ್ದು ಉಳಿತಾಯಕ್ಕೆ. 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿದಾಗಲೂ, 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗಲೂ ಲೆಕ್ಕವೆಲ್ಲ ದುಡ್ಡಿನದೇ ಆಗಿತ್ತು. ಆದರೆ ಹತ್ತು ಹದಿನೈದು ಹೆಂಗಸರು ದುಂಡಗೆ ಕೂತರೆ ದುಡ್ಡಿನ ಲೆಕ್ಕ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆಮೇಲೆ ಬರುವುದು ಮನೆಯ ಮಾತು. ಯಾರ ಮೈಮೇಲೆ ಬಾಸುಂಡೆ ಇದೆ, ಯಾರ ಮಗಳು ಹೊತ್ತಲ್ಲದ ಹೊತ್ತಿನಲ್ಲಿ ತವರಿಗೆ ಬಂದಿದ್ದಾಳೆ, ಯಾರ ಮನೆಯಲ್ಲಿ ಹುಂಡಾದ ಬಾಕಿಗೆ ಕಿರಿಕಿರಿ ನಡೆದಿದೆ, ಇವೆಲ್ಲ ನಡಾವಳಿ ಪುಸ್ತಕದಲ್ಲಿ ಬರೆಯದಿದ್ದರೂ ನಮಗೆ ಗೊತ್ತಾಗುವುದು ಅಲ್ಲಿಯೇ. ಮನೆಯೊಳಗಿನ ಮಾತನ್ನು ಹೊಸ್ತಿಲಾಚೆ ತರಲು ಹೆಣ್ಣಿಗೆ ಒಂದು ಜಾಗ ಸಿಕ್ಕಿದ್ದು ಸಂಘದಿಂದ.

ಇವತ್ತು ನಾನು ಮಾತಾಡಬೇಕೆಂದಿರುವುದು ಈ ಜಾಗವನ್ನೇ ಕಸಿದುಕೊಳ್ಳುತ್ತಿರುವ ಒಂದು ಸಣ್ಣ ಯಂತ್ರದ ಬಗ್ಗೆ. ಗೋಡೆಗೆ ತೂಗುಹಾಕುವ ಕ್ಯಾಮರಾ. ಸಿಸಿ ಕ್ಯಾಮರಾ, ವೈಫೈ ಕ್ಯಾಮರಾ, ಯಾವ ಹೆಸರಿನಿಂದಾದರೂ ಕರೆಯಿರಿ. ಮೊದಲು ಬ್ಯಾಂಕಿನಲ್ಲಿ, ಬಂಗಾರದ ಅಂಗಡಿಯಲ್ಲಿ ಇರುತ್ತಿತ್ತು. ಈಗ ಎರಡು ಮೂರು ಸಾವಿರ ರೂಪಾಯಿಗೆ ಸಿಗುತ್ತದೆ. ಹೈದರಾಬಾದಿನಲ್ಲಿಯೋ ಪುಣೆಯಲ್ಲಿಯೋ ದುಡಿಯುವ ಮಗ ಹಬ್ಬಕ್ಕೆ ಬಂದಾಗ ಪಡಸಾಲೆಗೆ ಒಂದನ್ನು ಬಡಿದು ಹೋಗುತ್ತಾನೆ. ಕೇಳಿದರೆ, ಕಳ್ಳರ ಕಾಟ ಅನ್ನುತ್ತಾನೆ.

ಕಳ್ಳರ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಹೊಲಕ್ಕೆ ಹೋದಾಗ ಮನೆಗೆ ಬೀಗ, ಮನೆಯಲ್ಲಿ ಮುದುಕರಷ್ಟೇ. ಕಾವಲು ಬೇಕು. ನನ್ನದೊಂದೇ ಪ್ರಶ್ನೆ. ಕಳ್ಳ ಬರುವುದು ಹೊರಗಿನಿಂದ. ಹಾಗಿದ್ದ ಮೇಲೆ ಕ್ಯಾಮರಾದ ಮುಖ ಒಳಗೇಕೆ ತಿರುಗಿದೆ?

ನಮ್ಮ ಬಳಿ ಬಂದ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಹೆಸರನ್ನೂ ಊರನ್ನೂ ಹೇಳುವುದಿಲ್ಲ. ಅವಳನ್ನು ನೋಡಿದ ಕಣ್ಣುಗಳು ಈಗಾಗಲೇ ಸಾಕಷ್ಟಿವೆ. ಮದುವೆಯಾಗಿ ಮೂರು ವರ್ಷ. ಒಪ್ಪಿದ್ದು ಎಂಟು ತೊಲ, ಕೊಟ್ಟಿದ್ದು ಐದು. ಉಳಿದ ಮೂರು ತೊಲದ ಮಾತು ದಿನಾ ಊಟದ ಹೊತ್ತಿಗೆ ಬರುತ್ತಿತ್ತು. ಗಂಡ ಊರು ಬಿಟ್ಟು ಕೆಲಸಕ್ಕೆ ಹೋದ ಮೇಲೆ ಎರಡು ಕ್ಯಾಮರಾ ಬಂದವು. ಒಂದು ತಲಬಾಗಿಲಿಗೆ. ಇನ್ನೊಂದು ಪಡಸಾಲೆಗೆ, ಅಡುಗೆಮನೆಯ ಬಾಗಿಲು ಪೂರ್ತಿ ಕಾಣುವ ಹಾಗೆ. ಅದರ ದುಡ್ಡನ್ನೂ ಅವಳ ಅಪ್ಪನಿಂದಲೇ ಕೇಳಿದರು. "ನಿಮ್ಮ ಮಗಳ ಸುರಕ್ಷತೆಗೇ ಅಲ್ಲವೇ?" ಅಂದರಂತೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಮದುವೆಯ ಮೊದಲು, ಮದುವೆಯ ಹೊತ್ತಿಗೆ, ಮದುವೆಯ ಮೇಲೆ, ಯಾವಾಗಲೇ ಆಗಲಿ ಮದುವೆಯ ಸಂಬಂಧವಾಗಿ ಕೇಳಿದ್ದು ವರದಕ್ಷಿಣೆಯೇ. ಇಲ್ಲಿ ನೋಡಿ, ಹುಡುಗಿಯನ್ನು ಕಾಯುವ ಜೈಲಿನ ಸರಳಿಗೂ ಅವಳ ತಂದೆಯೇ ದುಡ್ಡು ಕಟ್ಟಿದ.

ಆಮೇಲೆ ಏನಾಯಿತು? ಗಂಡ ತನ್ನ ಫೋನಿನಲ್ಲಿ ನೋಡುತ್ತಿದ್ದ. ನಾದಿನಿ ಪುಣೆಯಲ್ಲಿ ಕೂತು ನೋಡುತ್ತಿದ್ದಳು. ಇವಳು ಎಷ್ಟು ರೊಟ್ಟಿ ತಿಂದಳು, ಪಕ್ಕದ ಮನೆಯವಳೊಡನೆ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಳು, ಮಧ್ಯಾಹ್ನ ಎಷ್ಟು ಹೊತ್ತು ಅಡ್ಡಾದಳು, ಎಲ್ಲದರ ಲೆಕ್ಕ ಸಂಜೆಗೆ ಫೋನಿನಲ್ಲಿ ಅತ್ತೆಗೆ ಬರುತ್ತಿತ್ತು. ಆ ಕ್ಯಾಮರಾ ಮಾತನ್ನೂ ಕೇಳಿಸಿಕೊಳ್ಳುವಂಥದು. ಅವಳ ಅವ್ವ ಬಂದಾಗ ತಾಯಿ ಮಗಳು ಕಷ್ಟಸುಖ ಮಾತಾಡಲಿಲ್ಲ, ಕಣ್ಸನ್ನೆ ಮಾಡಿದರು. ಸಂಘದ ವಾರದ ಸಭೆಗೆ ಹೋಗುವುದೂ ನಿಂತಿತು. ಯಾರೂ ಹೋಗಬೇಡ ಅನ್ನಲಿಲ್ಲ. ಎಷ್ಟಕ್ಕೆ ಹೋದಳು, ಎಷ್ಟಕ್ಕೆ ಬಂದಳು ಎಂಬುದು ತಲಬಾಗಿಲ ಕ್ಯಾಮರಾದಲ್ಲಿ ಇರುತ್ತಿತ್ತು, ಅಷ್ಟೇ ಸಾಕಾಯಿತು.

ಕ್ಯಾಮರಾದ ಆ್ಯಪ್ ನಾಲ್ಕಾರು ಫೋನುಗಳಿಗಷ್ಟೇ ಸಾಲುತ್ತಿತ್ತು. ಮನೆಯ ಎಲ್ಲರಿಗೂ ಕಾಣಲಿ ಎಂದು ಮೈದುನ ಅದನ್ನು ಯೂಟ್ಯೂಬಿಗೆ ಜೋಡಿಸಿದ. ಈ ಕೆಲಸ ಕಷ್ಟದ್ದೇನಲ್ಲ. ಬಹಳಷ್ಟು ಕ್ಯಾಮರಾಗಳಿಗೆ ಒಂದು ವಿಳಾಸ ಇರುತ್ತದೆ. ಯೂಟ್ಯೂಬ್ ಒಂದು ಗುಟ್ಟಿನ ಸಂಖ್ಯೆ ಕೊಡುತ್ತದೆ. ನಡುವೆ ಒಂದು ಕಂಪ್ಯೂಟರ್ ಇಟ್ಟು ಎರಡನ್ನೂ ಕೂಡಿಸಿದರೆ ಪಡಸಾಲೆಯಲ್ಲಿ ನಡೆಯುವುದು ನೇರ ಪ್ರಸಾರವಾಗುತ್ತದೆ, ದೂರದರ್ಶನದಲ್ಲಿ ಕ್ರಿಕೆಟ್ ಬಂದ ಹಾಗೆ.

ಇಲ್ಲಿ ನೀವು ಒಂದು ವಿಷಯ ತಿಳಿದುಕೊಳ್ಳಬೇಕು. ಯೂಟ್ಯೂಬಿನಲ್ಲಿ ಮೂರು ಬಗೆ ಇವೆ. ಪಬ್ಲಿಕ್ ಅಂದರೆ ಲೋಕಕ್ಕೆಲ್ಲ ತೆರೆದದ್ದು. ಪ್ರೈವೇಟ್ ಅಂದರೆ ಹೆಸರಿಟ್ಟು ಕರೆದವರಿಗೆ ಮಾತ್ರ. ಇವೆರಡರ ನಡುವೆ ಅನ್‌ಲಿಸ್ಟೆಡ್ ಎಂಬುದೊಂದಿದೆ. ಹುಡುಕಿದರೆ ಸಿಗುವುದಿಲ್ಲ, ಆದರೆ ಲಿಂಕ್ ಕೈಯಲ್ಲಿದ್ದವರು ಯಾರು ಬೇಕಾದರೂ ನೋಡಬಹುದು. ಮೈದುನ ಮಾಡಿದ್ದು ಈ ಮೂರನೆಯದನ್ನು. "ಹೊರಗಿನವರಿಗೆ ಕಾಣೋದಿಲ್ಲ" ಅಂದ. ಲಿಂಕನ್ನು ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದ. ಆ ಗುಂಪಿನಲ್ಲಿ ನಲವತ್ತು ಜನ. ನಲವತ್ತು ಜನರಲ್ಲಿ ಒಬ್ಬ ಇನ್ನೊಬ್ಬನಿಗೆ ಕಳಿಸಿದರೆ ಬಾಗಿಲು ಮುರಿದಂತೆಯೇ. ಒಂದು ಮದುವೆಯಲ್ಲಿ ಗುರುತಿಲ್ಲದ ಹುಡುಗನೊಬ್ಬ, "ಮೊನ್ನೆ ಹಸಿರು ಸೀರೆಯಲ್ಲಿ ಛಂದ ಕಾಣ್ತಿದ್ರಿ ವೈನಿ" ಅಂದಾಗ ಅವಳಿಗೆ ವಿಷಯ ಗೊತ್ತಾಯಿತು. ಮೊನ್ನೆ ಅವಳು ಮನೆಯ ಹೊರಗೆ ಕಾಲಿಟ್ಟಿರಲಿಲ್ಲ.

ಈಗ ನಾನು ಹೇಳುವ ಮಾತನ್ನು ಗಮನವಿಟ್ಟು ಕೇಳಿ. ಅವಳಿಗೆ ಹೊಡೆದ ದಿನದ ಚಿತ್ರ ಬೇಕೆಂದು ನಾವು ಕೇಳಿದೆವು. "ಅವತ್ತು ಕರೆಂಟ್ ಇರಲಿಲ್ಲ, ಕ್ಯಾಮರಾ ಬಂದ್ ಇತ್ತು" ಅಂದರು. ಅವಳು ಮಧ್ಯಾಹ್ನ ಮಲಗಿದ ದಿನದ ಚಿತ್ರ ಇತ್ತು. ಅತ್ತೆಗೆ ಎದುರು ಮಾತಾಡಿದ ದಿನದ್ದು ಇತ್ತು. ಏಟಿನ ದಿನದ್ದು ಮಾತ್ರ ಇರಲಿಲ್ಲ. ಕ್ಯಾಮರಾ ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ಇರಬಹುದು. ಆದರೆ ಅದು ಯಾವಾಗ ಬಾಯಿ ಬಿಡಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ತೀರ್ಮಾನಿಸುವುದು ಅದರ ಕೀಲಿ ಹಿಡಿದವರು. ಹಿಂದೆ ಹೆಣ್ಣು ಸುಟ್ಟು ಸತ್ತಾಗ "ಸ್ಟೌವ್ ಸಿಡಿಯಿತು" ಅನ್ನುತ್ತಿದ್ದರು. ಆ ಮಾತನ್ನು ನಂಬುವುದಿಲ್ಲ ಎಂದು ಬೀದಿಗಿಳಿದದ್ದರಿಂದಲೇ ಈ ದೇಶದ ಮಹಿಳಾ ಚಳವಳಿ 1983ರಲ್ಲಿ 498-ಎ ಕಲಮನ್ನೂ 1986ರಲ್ಲಿ ವರದಕ್ಷಿಣೆ ಸಾವಿನ 304-ಬಿ ಕಲಮನ್ನೂ ತಂದಿತು. ಈಗ "ಕ್ಯಾಮರಾ ಬಂದ್ ಇತ್ತು" ಎಂಬುದನ್ನೂ ನಾವು ಹಾಗೆಯೇ ಕೇಳಿ ಸುಮ್ಮನಿರಬಾರದು.

ಕೆಲವರು ಕೇಳುತ್ತಾರೆ: ಮನೆ ಅವರದು, ಗೋಡೆ ಅವರದು, ಕ್ಯಾಮರಾ ಹಾಕಿದರೆ ತಪ್ಪೇನು? ಇದಕ್ಕೆ ದೇಶದ ನ್ಯಾಯಾಲಯಗಳೇ ಉತ್ತರ ಕೊಟ್ಟಿವೆ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನವು ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. ಈ ಹಕ್ಕು ಗಂಡಸಿಗೆ ಎಷ್ಟೋ ಹೆಂಗಸಿಗೂ ಅಷ್ಟೇ. ಮದುವೆಯಾದ ಮಾತ್ರಕ್ಕೆ ಹೊಸ್ತಿಲಲ್ಲಿ ಬಿಟ್ಟು ಒಳಗೆ ಬರುವ ಚಪ್ಪಲಿ ಅದಲ್ಲ.

ಇನ್ನೂ ಹತ್ತಿರದ ತೀರ್ಪು ಒಂದಿದೆ. ಕೋಲ್ಕತ್ತದಲ್ಲಿ ಒಂದೇ ಮನೆಯಲ್ಲಿ ವಾಸವಿದ್ದ ಅಣ್ಣತಮ್ಮಂದಿರ ನಡುವೆ ಜಗಳ. ಒಬ್ಬರು ಮನೆಯ ವಾಸದ ಭಾಗದೊಳಗೆ ಕ್ಯಾಮರಾ ಹಾಕಿಸಿದರು. ಜೊತೆಯಲ್ಲಿ ವಾಸವಿರುವವರ ಒಪ್ಪಿಗೆ ಇಲ್ಲದೆ ಒಳಗೆ ಕ್ಯಾಮರಾ ನಡೆಸುವುದು ಖಾಸಗಿತನದ ಹಕ್ಕಿಗೆ ಧಕ್ಕೆ ಎಂದು ಕಲ್ಕತ್ತಾ ಹೈಕೋರ್ಟ್ 2025ರ ಫೆಬ್ರವರಿಯಲ್ಲಿ ಹೇಳಿತು. ಅದೇ ವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಆದೇಶದಲ್ಲಿ ಕೈಹಾಕಲು ಒಪ್ಪಲಿಲ್ಲ. ಅದು ಅಣ್ಣತಮ್ಮಂದಿರ ಜಗಳ ನಿಜ. ಆದರೆ ಒಂದೇ ಸೂರಿನಡಿ ಇರುವ ಅಣ್ಣನಿಗೆ ಇರುವ ಹಕ್ಕು ಸೊಸೆಗೆ ಇಲ್ಲವೆಂದು ಯಾವ ಬಾಯಿಂದ ಹೇಳುತ್ತಾರೆ?

ನೇರ ಪ್ರಸಾರದ ವಿಷಯಕ್ಕೂ ನಮ್ಮ ಹೈಕೋರ್ಟಿನಿಂದಲೇ ಒಂದು ಪಾಠ ಇದೆ. ಕರ್ನಾಟಕ ಹೈಕೋರ್ಟ್ 2022ರ ಜನವರಿ 1ರಿಂದ ನಿಯಮ ಜಾರಿ ಮಾಡಿ ತನ್ನ ಕಲಾಪವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸುತ್ತಾ ಬಂದಿದೆ. ಜನರ ನ್ಯಾಯ ಜನರ ಕಣ್ಣೆದುರು ನಡೆಯಲಿ ಎಂಬುದು ಅದರ ಉದ್ದೇಶ. ಅದೇ ನಿಯಮಗಳು ಗಂಡಹೆಂಡಿರ ವ್ಯಾಜ್ಯ, ಲೈಂಗಿಕ ಅಪರಾಧದ ಮೊಕದ್ದಮೆ, ಹೆಣ್ಣಿನ ಮೇಲಿನ ಹಿಂಸೆಯ ಮೊಕದ್ದಮೆ, ಇವನ್ನು ಪ್ರಸಾರದಿಂದ ಹೊರಗಿಟ್ಟಿವೆ. ಅಷ್ಟು ಜಾಗ್ರತೆ ಮಾಡಿದರೂ 2024ರಲ್ಲಿ ಕಲಾಪದ ತುಣುಕುಗಳನ್ನು ಕತ್ತರಿಸಿ ಹರಡಿದ್ದಕ್ಕೆ ಹೈಕೋರ್ಟೇ ತಡೆ ಹಾಕಬೇಕಾಯಿತು. ಲೋಕಕ್ಕೆ ತೋರಿಸಬೇಕಾದ ನ್ಯಾಯಪೀಠವೇ ಗಂಡಹೆಂಡಿರ ಮಾತನ್ನು ಪ್ರಸಾರ ಮಾಡದಿರುವಾಗ, ಮನೆಯೊಳಗಿನ ಹೆಣ್ಣನ್ನು ಪ್ರಸಾರ ಮಾಡಲು ಮೈದುನನಿಗೆ ಅಧಿಕಾರ ಕೊಟ್ಟವರು ಯಾರು?

ಇನ್ನು, ಮನೆಯವರು ಒಳ್ಳೆಯವರೇ, ಕ್ಯಾಮರಾ ಎಲ್ಲರೂ ಒಪ್ಪಿ ಹಾಕಿದ್ದು ಎಂದೇ ಇಟ್ಟುಕೊಳ್ಳಿ. ಆದರೂ ಅಪಾಯ ತಪ್ಪಲಿಲ್ಲ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟೆಯ ಒಂದು ಹೆರಿಗೆ ಆಸ್ಪತ್ರೆಯ ಕ್ಯಾಮರಾದ ಚಿತ್ರಗಳು ಹೊರಬಿದ್ದವು. ಹೆಂಗಸರನ್ನು ಪರೀಕ್ಷೆ ಮಾಡುವ ಕೋಣೆಯ ಚಿತ್ರಗಳು. ತುಣುಕುಗಳನ್ನು ಯೂಟ್ಯೂಬಿನಲ್ಲಿ ತೋರಿಸಿ, ಪೂರ್ತಿಯದನ್ನು ಟೆಲಿಗ್ರಾಂನಲ್ಲಿ ದುಡ್ಡಿಗೆ ಮಾರಿದರು. ಕಳ್ಳರು ಒಳಗೆ ಬಂದ ಬಗೆ ಗೊತ್ತೇ? ಕಾರ್ಖಾನೆಯಿಂದ ಬಂದಾಗ ಇದ್ದ ಪಾಸ್‌ವರ್ಡನ್ನು ಯಾರೂ ಬದಲಾಯಿಸಿರಲಿಲ್ಲ. ಎಲ್ಲ ಮನೆಗೂ ಒಂದೇ ಬೀಗದಕೈ ಕೊಟ್ಟ ಹಾಗೆ. ಕಳ್ಳರನ್ನು ಹಿಡಿಯಲು ಹಾಕಿದ ಯಂತ್ರದೊಳಗಿನಿಂದಲೇ ಕಳ್ಳ ಬಂದ.

ಅಕ್ಕಂದಿರೇ, ಇನ್ನೊಂದು ಮಗ್ಗುಲನ್ನೂ ನೋಡೋಣ. ಒಂದು ಸಂಘದಲ್ಲಿ ಒಬ್ಬ ತಾಯಿ ಸಾಲ ಕೇಳಿದಳು. ಮಗಳ ಮನೆಯಲ್ಲಿ ಕ್ಯಾಮರಾ ಹಾಕಿಸುತ್ತೇನೆ, ಅವಳಿಗೆ ಹೊಡೆದರೆ ಸಾಕ್ಷಿ ಸಿಗುತ್ತದೆ, ನಾನೂ ಇಲ್ಲಿಂದಲೇ ನೋಡುತ್ತಿರಬಹುದು ಎಂದಳು. ಆ ತಾಯಿಯ ಸಂಕಟವನ್ನು ನಾವು ತಳ್ಳಿಹಾಕುವಂತಿಲ್ಲ. ಮನೆಯೊಳಗಿನ ಹಿಂಸೆಗೆ ಸಾಕ್ಷಿ ಎಲ್ಲಿಂದ ಬರಬೇಕು? ನೆರೆಯವರು ಕೋರ್ಟಿಗೆ ಬರುವುದಿಲ್ಲ, ಮನೆಯವರು ನಿಜ ಹೇಳುವುದಿಲ್ಲ. ಆ ಸಭೆಯಲ್ಲಿ ಬಹಳ ಹೊತ್ತು ಚರ್ಚೆಯಾಯಿತು. ಕೊನೆಗೆ ಒಬ್ಬ ಹಿರಿಯಳು ಕೇಳಿದ ಮಾತು ಎಲ್ಲರನ್ನೂ ನಿಲ್ಲಿಸಿತು: "ಮಗಳನ್ನ ಕೇಳೀಯೇನವಾ?" ಕೇಳಿರಲಿಲ್ಲ. ಕೇಳಿದಾಗ ಮಗಳು ಅಂದಳಂತೆ: "ಅವ್ವಾ, ಅವರ ಕಣ್ಣಿನ ಮೇಲೆ ನಿನ್ನ ಕಣ್ಣೂ ಬೇಡ. ಬರೋ ಹೋಗೋ ಖರ್ಚಿಗೆ ನನ್ನ ಕೈಯಾಗ ರೊಕ್ಕ ಕೊಡು, ಒಂದು ಫೋನು ಕೊಡು."

ಸಾಕ್ಷಿಯ ಬಗ್ಗೆ ಕಾನೂನು ಏನನ್ನುತ್ತದೆ ಎಂದು ತಿಳಿದಿರಲಿ. 2025ರ ಜುಲೈ 14ರಂದು ಸುಪ್ರೀಂ ಕೋರ್ಟಿನಲ್ಲಿ ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಸತೀಶಚಂದ್ರ ಶರ್ಮಾ ಒಂದು ತೀರ್ಪು ಕೊಟ್ಟರು. ಗಂಡಹೆಂಡಿರು ಒಬ್ಬರಿಗೊಬ್ಬರು ತಿಳಿಯದಂತೆ ಧ್ವನಿಮುದ್ರಣ ಮಾಡಿದ್ದನ್ನೂ ಅವರ ವಿವಾಹ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು ಎಂಬುದು ಅದರ ತಿರುಳು. ಒಬ್ಬರ ಮೇಲೊಬ್ಬರು ಗೂಢಚರ್ಯೆ ಮಾಡುವ ಹಂತಕ್ಕೆ ಬಂದಿದ್ದರೆ ಆ ಸಂಬಂಧ ಆಗಲೇ ಮುರಿದಿದೆ ಎಂದು ಅರ್ಥ ಎಂತಲೂ ನ್ಯಾಯಾಲಯ ಹೇಳಿತು. ಈ ತೀರ್ಪು ಎರಡಲಗಿನ ಕತ್ತಿ. ಏಟು ತಿಂದ ಹೆಣ್ಣಿನ ಕೈಗೂ ಬಂತು, ಅವಳ ಮೇಲೆ ಕಣ್ಣಿಟ್ಟವನ ಕೈಯಲ್ಲೂ ಇದೆ. ಮನೆಯಲ್ಲಿ ಫೋನು, ಇಂಟರ್ನೆಟ್ಟು, ಪಾಸ್‌ವರ್ಡು ಯಾರ ಕೈಯಲ್ಲಿರುತ್ತವೆ ಎಂದು ನಿಮಗೇ ಗೊತ್ತು. ಆದ್ದರಿಂದ ಹೆಣ್ಣು ತನ್ನ ಫೋನಿನಲ್ಲಿ ತಾನೇ ಇಟ್ಟುಕೊಂಡ ದಾಖಲೆ, ಆಸ್ಪತ್ರೆಯ ಚೀಟಿ, ಸಂಘದವರಿಗೆ ಹೇಳಿ ತಾರೀಖು ಸಮೇತ ಬರೆಸಿದ ಮಾತು, ಇವು ಗೋಡೆಯ ಕ್ಯಾಮರಾಕ್ಕಿಂತ ಗಟ್ಟಿ.

ಕ್ಯಾಮರಾ ಎಲ್ಲಿಯೂ ಬೇಡವೆಂದು ನಾನು ಹೇಳುವುದಿಲ್ಲ. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ದೇಶದ ಪ್ರತಿ ಪೊಲೀಸ್ ಠಾಣೆಯಲ್ಲೂ ಕ್ಯಾಮರಾ ಇರಬೇಕು, ಚಿತ್ರವನ್ನು 18 ತಿಂಗಳು ಕಾಪಾಡಬೇಕು ಎಂದು ಆದೇಶ ಮಾಡಿತು. ಅದನ್ನು ನಾವು ಸ್ವಾಗತಿಸಬೇಕು. ಅಲ್ಲಿ ಕ್ಯಾಮರಾ ನೋಡುವುದು ಲಾಠಿ ಹಿಡಿದವರನ್ನು. ಬಲವಿದ್ದವರ ಕಡೆಗೆ ತಿರುಗಿದ ಕ್ಯಾಮರಾ ಕಾವಲು. ಬಲವಿಲ್ಲದವರ ಕಡೆಗೆ ತಿರುಗಿದ ಕ್ಯಾಮರಾ ಬೇಡಿ.

ಈಗ, ನಮ್ಮಲ್ಲಿ ಯಾರಿಗಾದರೂ ಇಂಥದು ಆದರೆ ಏನು ಮಾಡಬೇಕು?

ಮೊಟ್ಟಮೊದಲು ಜೀವ. ಕ್ಯಾಮರಾದ ವೈರು ಕಿತ್ತರೆ ಅವತ್ತೇ ಏಟು ಬೀಳುವುದಾದರೆ ಕೀಳಬೇಡಿ. ಮನೆ ಬಿಡುವ ಮಾತು, ದೂರು ಕೊಡುವ ಮಾತು ಆ ಯಂತ್ರದ ಎದುರು ಆಡಬೇಡಿ. ಅಂಗನವಾಡಿಯಲ್ಲಿ, ಸಂಘದಲ್ಲಿ, ಹೊಲದಲ್ಲಿ ಆಡಿ. ತುರ್ತು ಬಂದರೆ 112. ಹೆಂಗಸರ ಸಹಾಯವಾಣಿ 181.

ಎರಡನೆಯದು, ಅಳಿಸುವ ಮುಂಚೆ ಗುರುತು ಹಿಡಿದಿಡುವುದು. ಯೂಟ್ಯೂಬಿನ ನೇರ ಪ್ರಸಾರ 12 ಗಂಟೆಯೊಳಗಿನದಾದರೆ ಸಾಮಾನ್ಯವಾಗಿ ತಾನಾಗಿಯೇ ವಿಡಿಯೋ ಆಗಿ ಉಳಿದುಕೊಳ್ಳುತ್ತದೆ. ಪ್ರಸಾರ ನಿಲ್ಲಿಸಿದೆವು ಅಂದರೆ ಎಲ್ಲ ಹೋಯಿತೆಂದು ತಿಳಿಯಬೇಡಿ. ಲಿಂಕ್, ಚಾನೆಲ್ಲಿನ ಹೆಸರು, ತಾರೀಖು, ಹೊತ್ತು, ಇವನ್ನು ಬರೆದುಕೊಳ್ಳಿ, ಪರದೆಯ ಚಿತ್ರ ತೆಗೆಸಿಕೊಳ್ಳಿ. ಮೈ ಕಾಣುವಂಥ ದೃಶ್ಯವಾಗಿದ್ದರೆ ಅದನ್ನು ಯಾರಿಗೂ ಕಳಿಸಬೇಡಿ, ಸಾಕ್ಷಿಗೆಂದು ಕೂಡ ಗುಂಪಿಗೆ ಹಾಕಬೇಡಿ. ಆಮೇಲೆ ತೆಗೆಸಲು ಯೂಟ್ಯೂಬಿಗೂ ದೂರು, ಬೀದರಿನ ಸೈಬರ್ ಅಪರಾಧದ ಸಿ.ಇ.ಎನ್. ಠಾಣೆಗೂ ದೂರು. ಸೈಬರ್ ಸಹಾಯವಾಣಿ 1930. ಕ್ಯಾಮರಾದ ಪೆಟ್ಟಿಗೆಯಲ್ಲಿ ಜಾಗ ತುಂಬಿದರೆ ಹಳೆಯ ಚಿತ್ರದ ಮೇಲೆ ಹೊಸದು ಬೀಳುತ್ತದೆ. ಆದ್ದರಿಂದ ಚಿತ್ರ ಅಳಿಸದಂತೆ ಕಾಪಾಡಬೇಕೆಂದು ದೂರಿನಲ್ಲಿಯೇ ಬರೆಸಿ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ವಕೀಲರನ್ನು ಕೇಳಿ.

ಮೂರನೆಯದು, ಕಾನೂನು. ಹೆಣ್ಣು ಬಟ್ಟೆ ಬದಲಿಸುವಾಗ, ಶೌಚಕ್ಕೆ ಹೋದಾಗ, ಇಂಥ ಖಾಸಗಿ ಹೊತ್ತಿನಲ್ಲಿ ಯಾರಾದರೂ ಅವಳ ಚಿತ್ರ ತೆಗೆದರೆ ಅಥವಾ ಹರಡಿದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ಪ್ರಕಾರ ಮೊದಲ ಸಲಕ್ಕೆ ಒಂದರಿಂದ ಮೂರು ವರ್ಷ ಸಜೆ. ಚಿತ್ರ ತೆಗೆಯಲು ಅವಳೇ ಒಪ್ಪಿದ್ದರೂ ಹರಡಲು ಒಪ್ಪಿರದಿದ್ದರೆ, ಹರಡಿದ್ದು ಅಪರಾಧವೇ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66-ಇ ಕಲಮೂ ಇದೆ. ಗಂಡ ಮತ್ತು ಗಂಡನ ಮನೆಯವರ ಕ್ರೌರ್ಯಕ್ಕೆ ಹಿಂದೆ ಇದ್ದ 498-ಎ, 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 85 ಮತ್ತು 86 ಆಗಿದೆ. ಸಂಖ್ಯೆ ಬದಲಾಗಿದೆ, ಅಪರಾಧ ಅದೇ.

ಪಡಸಾಲೆಯಲ್ಲಿ ಮೈತುಂಬ ಸೆರಗು ಹೊದ್ದ ಸೊಸೆಯನ್ನು ದಿನವಿಡೀ ಕಾಯುವುದಕ್ಕೆ 77ನೇ ಕಲಮು ಸಾಲದು. ಅಲ್ಲಿ ಕೆಲಸಕ್ಕೆ ಬರುವುದು ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ, 2005. ಅದರಲ್ಲಿ ಕ್ಯಾಮರಾ ಎಂಬ ಪದವಿಲ್ಲ. ಆದರೆ ಅವಮಾನ, ಹೀಯಾಳಿಕೆ, ಮಾನಸಿಕ ಹಿಂಸೆ ಎಂಬ ಮಾತುಗಳಿವೆ. ಈ ಕಾಯ್ದೆಗೆ ನಮ್ಮ ರಾಜ್ಯದಲ್ಲಿ ಸಿ.ಡಿ.ಪಿ.ಓ. ಅವರೇ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯ ಮೂಲಕವೂ ಅವರನ್ನು ಮುಟ್ಟಬಹುದು. ಅವರು ಘಟನೆಯ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಕ್ಯಾಮರಾ ತೆಗೆಸಬೇಕು, ಪ್ರಸಾರ ನಿಲ್ಲಿಸಬೇಕು, ಇರುವ ಚಿತ್ರಗಳನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕು ಎಂದು ಅರ್ಜಿಯಲ್ಲಿ ಬಿಡಿಸಿ ಕೇಳಿ. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಸಜೆ ಇದೆ. ವಕೀಲರಿಗೆ ದುಡ್ಡಿಲ್ಲವೆಂದು ಸುಮ್ಮನಿರಬೇಡಿ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಸಂಖ್ಯೆ 15100.

ನಮ್ಮದು ಗಡಿ ತಾಲ್ಲೂಕು. ಉದಗೀರಕ್ಕೆ, ದೇಗಲೂರಿಗೆ, ನಾರಾಯಣಖೇಡಕ್ಕೆ ಹೆಣ್ಣು ಕೊಟ್ಟವರು ಇಲ್ಲಿ ಬಹಳ ಇದ್ದೀರಿ. ಕೋರ್ಟಿಗೆ ಅಲ್ಲಿಗೇ ಹೋಗಬೇಕೇ? ಬೇಡ. ತವರಿಗೆ ಬಂದು ತಾತ್ಕಾಲಿಕವಾಗಿ ಇದ್ದರೂ 2005ರ ಕಾಯ್ದೆಯ ಅರ್ಜಿಯನ್ನು ಇಲ್ಲಿಯೇ ಹಾಕಬಹುದು. ಕ್ರೌರ್ಯದ ದೂರನ್ನೂ ಆಸರೆ ಪಡೆದ ಊರಿನಲ್ಲಿ ಕೊಡಬಹುದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ರೂಪಾಲಿ ದೇವಿ ಮೊಕದ್ದಮೆಯಲ್ಲಿ ಹೇಳಿದೆ. ಠಾಣೆಯಲ್ಲಿ "ಅದು ಮಹಾರಾಷ್ಟ್ರದ ಕೇಸು" ಅಂದರೆ ಈ ಮಾತು ನೆನಪಿಸಿ.

ನಾನು ಹೇಳಿದ ಹೆಣ್ಣುಮಗಳು ಈಗ ತವರಿನಲ್ಲಿದ್ದಾಳೆ. ಅರ್ಜಿ ಹಾಕಿದ್ದಾಳೆ. ಸಂಘದ ಹೆಂಗಸರು ಹಿಂಡಾಗಿ ಹೋಗಿ ಕೇಳಿದ ದಿನ ಪ್ರಸಾರ ನಿಂತಿತು. ಐದು ತೊಲ ಬಂಗಾರ ಇನ್ನೂ ಅಲ್ಲಿಯೇ ಇದೆ. ಹಿಂದಿನ ವಿಡಿಯೋಗಳು ಯಾರ ಯಾರ ಫೋನಿನಲ್ಲಿ ಉಳಿದಿವೆಯೋ, ಅದಕ್ಕೆ ಅವಳಿಗೆ ಇನ್ನೂ ಉತ್ತರ ಸಿಕ್ಕಿಲ್ಲ. ಗೆದ್ದೆವು ಎಂದು ನಾನು ಹೇಳಲಾರೆ. ಆದರೆ ಅವಳು ಈಗ ವಾರದ ಸಭೆಗೆ ಬರುತ್ತಾಳೆ, ಧ್ವನಿ ಎತ್ತಿ ಮಾತಾಡುತ್ತಾಳೆ.

ಕಡೆಯದಾಗಿ ಒಂದು ಸೂಚನೆ ಇಡುತ್ತೇನೆ. ನಿಮ್ಮ ನಿಮ್ಮ ಸಂಘದಲ್ಲಿ ಚರ್ಚಿಸಿ, ಸರಿ ಕಂಡರೆ ಠರಾವು ಮಾಡಿ ನಡಾವಳಿಯಲ್ಲಿ ಬರೆಯಿರಿ. ಮನೆಗೆ ಕ್ಯಾಮರಾ ಹಾಕಲು ಸಂಘದಿಂದ ಸಾಲ ಕೊಡುವುದಾದರೆ ಅದು ಬಾಗಿಲ ಹೊರಗೆ ನೋಡಬೇಕು. ಆ ಮನೆಯಲ್ಲಿರುವ ಪ್ರತಿ ಹೆಣ್ಣೂ, ಸೊಸೆಯೂ ಸೇರಿ, ಒಪ್ಪಿರಬೇಕು. ಪಾಸ್‌ವರ್ಡ್ ಬದಲಾಯಿಸಿರಬೇಕು, ಅದು ಅವಳಿಗೂ ಗೊತ್ತಿರಬೇಕು. ಯಾವ ಪ್ರಸಾರಕ್ಕೂ ಜೋಡಿಸಬಾರದು. ನಮ್ಮಲ್ಲಿ ಎಷ್ಟೋ ಜನ ಅತ್ತೆಯರೂ ಇದ್ದೀರಿ. ಮೊದಲು ನಮ್ಮ ನಮ್ಮ ಮನೆಯ ಗೋಡೆ ನೋಡಿಕೊಳ್ಳೋಣ. ಮಗಳನ್ನು ಕೊಡುವಾಗ ನೆಲ ಎಷ್ಟು, ನೌಕರಿ ಏನು ಎಂದು ಕೇಳುತ್ತೇವೆ. ಇನ್ನು ಮುಂದೆ, ಮನೆಯೊಳಗೆ ಕ್ಯಾಮರಾ ಇದೆಯೇ, ಅದರ ಕೀಲಿ ಯಾರ ಕೈಯಲ್ಲಿದೆ ಎಂಬುದನ್ನೂ ಕೇಳೋಣ.

ಸಭೆಗೆ ಸಾರದಂಥ ಮನೆಗಳಿವೆ, ಬರಲಾಗದ ಸೊಸೆಯಂದಿರಿದ್ದಾರೆ. ಮುಂದಿನ ವಾರ ಪ್ರತಿ ಸಂಘದಿಂದ ಇಬ್ಬಿಬ್ಬರು ಅಂಥ ಒಂದೊಂದು ಮನೆಗೆ ಹೋಗಿ ಬನ್ನಿ. ಗೋಡೆಯ ಕಡೆ ನೋಡದೆ ಅವಳ ಮುಖ ನೋಡಿ ಮಾತಾಡಿಸಿ, ನೀರಿಗೋ ಹೊಲಕ್ಕೋ ಹೋಗುವಾಗ ಜೊತೆಯಾಗಿ ಹೋಗಿ. ಉಳಿದದ್ದನ್ನು ಅವಳೇ ಹೇಳುತ್ತಾಳೆ.